ಬಾಗಿನಕ್ಕೆ ಹೋದ ಬೋಗಿಗಳು

ನನ್ನ ಪಟ್ಟದ ಗೊಂಬೆಗಳನ್ನು ನನ್ನ ಗಂಡ ಉದಯ ಡೊನೇಷನ್ ಬಾಕ್ಸಿಗೆ ಹಾಕಿ ಬಂದ. ಮದುವೆಯಲ್ಲಿ ಅಮ್ಮ ಕೊಟ್ಟ ರಾಜ-ರಾಣಿ ಅವು. ನವರಾತ್ರಿಯಲ್ಲಿ ಮೇಲಿನ ಮೆಟ್ಟಿಲು ಅವಕ್ಕೇ ಮೀಸಲು. ಅಮ್ಮ ಈಗಿಲ್ಲ. ಇಲ್ಲಿ ಪರದೇಶದಲ್ಲಿ, ಥಾರ್ನ್‌ಹಿಲ್ಲಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ತನ್ನ ರೈಲಿಗೆ ಜಾಗ ಸಾಲದೆಂದು, ಮಹಾಶಯ ಒಂದು ಮಾತೂ ಕೇಳದೆ ಗೊಂಬೆಗಳಿದ್ದ ಪೆಟ್ಟಿಗೆಯನ್ನೇ ಎತ್ತಿ ಕೊಟ್ಟಿದ್ದ.

"ಹಳೇ ಮರದ ಗೊಂಬೆ ತಾನೆ? ಯಾರೋ ಮಕ್ಕಳು ಆಡ್ಕೋತಾರೆ ಬಿಡೇ," ಎಂದ.

ಓಡಿದೆ. ಬಾಕ್ಸು ಖಾಲಿಯಾಗಿತ್ತು. ಕಾರಿನಲ್ಲಿ ಕೂತು ಅತ್ತೆ. ಅಳು ಮುಗಿದ ಮೇಲೆ ಉಳಿದದ್ದು ಬರೀ ಸಿಟ್ಟು.

ಅವನ ರೈಲನ್ನು ಆಟದ ರೈಲು ಅಂದರೆ ಮುಖ ಊದುತ್ತದೆ, ಮಾಡೆಲ್ ಅನ್ನಬೇಕು. ಅಮೆರಿಕದಲ್ಲಿ ಎಂದೋ ಮುಚ್ಚಿಹೋದ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಪ್ರಯಾಣಿಕರ ಬೋಗಿಗಳು. ಕಪ್ಪುಗೆಂಪು ಬಣ್ಣ, ಊಟದ ಬೋಗಿಯಲ್ಲಿ ಉಗುರಿನಷ್ಟು ಮೇಜು, ಮೇಜಿನ ಮೇಲೊಂದು ದೀಪ. ಒಂದೊಂದನ್ನೂ ವರ್ಷಗಟ್ಟಲೆ ಹುಡುಕಿ ಕೂಡಿಸಿದ್ದ. ಹಬ್ಬ ಮುಗಿದ ವಾರವೇ ಹತ್ತಿರದ ವಿಟ್ಬಿ ಊರಿನಲ್ಲಿ ಅವನ ಕ್ಲಬ್ಬಿನ ಶೋ. ಪೂರ್ತಿ ರೈಲು ಓಡಿಸುತ್ತೇನೆಂದು ಊರಿಗೆಲ್ಲ ಡಂಗುರ ಸಾರಿದ್ದ.

ನವರಾತ್ರಿಗೆ ಮೆಟ್ಟಿಲು ಕಟ್ಟಿದೆ.

"ಗೊಂಬೆ ಇಲ್ವಲ್ಲ, ನಿಮ್ಮ ಬೋಗಿಗಳನ್ನೇ ಇಡೋಣ್ವಾ?" ಎಂದು ನಯವಾಗಿ ಕೇಳಿದೆ. ನನ್ನ ಸಿಟ್ಟು ಇಳಿಯಿತೆಂದುಕೊಂಡು ಅವನು ಗ್ಲೌಸ್ ಹಾಕಿಕೊಂಡು ತಾನೇ ಸಾಲಾಗಿ ಜೋಡಿಸಿದ.

ಸಂಜೆ ಗೊಂಬೆ ನೋಡಲು ಮಕ್ಕಳ ದಂಡು ಬಂತು. ತಾಯಂದಿರ ಜೊತೆ ಉದಯನ ಮ್ಯಾನೇಜರ್ ರಾಜಲಕ್ಷ್ಮಿ ಮೇಡಂ ಕೂಡ ಮಗನನ್ನು ಕರೆತಂದಿದ್ದರು. ಗೊಂಬೆ ನೋಡಿದ ಮಕ್ಕಳನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಬಾಗಿನ ಕೊಡಬೇಕು. ಆ ವರ್ಷ ನಾನು ಕೊಬ್ಬರಿ ಮಿಠಾಯಿ ಮಾಡಿರಲೇ ಇಲ್ಲ.

"ಈ ಸಲ ಬಾಗಿನ ಅಂಕಲ್ ಕೈಯಿಂದ! ಎಲ್ರಿಗೂ ಒಂದೊಂದು ಬೋಗಿ!" ಎಂದೆ.

ಮಕ್ಕಳು ಕಿರುಚಿದವು. ಮೇಡಂ ಚಪ್ಪಾಳೆ ತಟ್ಟಿ, "ಎಂಥಾ ದೊಡ್ಡ ಮನಸ್ಸು ಉದಯ್, ಸೋ ಸ್ವೀಟ್!" ಎಂದರು.

ಉದಯ ನನ್ನ ಹತ್ತಿರ ಸರಿದು, "ಅರುಂಧತಿ, ಬೇಡ ಕಣೇ, ಕಾಲಿಗೆ ಬೀಳ್ತೀನಿ," ಎಂದು ಪಿಸುಗುಟ್ಟಿದ. ನಾನು ಕುಂಕುಮದ ತಟ್ಟೆ ಹಿಡಿದು ಬಂದವರಿಗೆಲ್ಲ ನಗುತ್ತಾ ನಿಂತೆ.

ಮೇಡಂ ಮಗ ಊಟದ ಬೋಗಿಗೆ ಕೈ ಚಾಚಿದ. "ಈಸ್ ದಿಸ್ ಫಾರ್ ಮಿ, ಅಂಕಲ್?"

ಅಷ್ಟು ಜನರೆದುರು ಇಲ್ಲ ಎನ್ನುವುದು ಹೇಗೆ? ತಾನೇ ಎತ್ತಿ ಕೊಟ್ಟ. ಹುಡುಗ ಅದನ್ನು ನೆಲದ ಮೇಲೆ ಜರ್ರೆಂದು ಓಡಿಸಿದ. ಪುಟ್ಟ ದೀಪವೊಂದು ಕಿತ್ತುಬಂದು ಸೋಫಾ ಕೆಳಗೆ ಉರುಳಿತು. ನನ್ನ ಹೊಟ್ಟೆ ತಣ್ಣಗಾಯಿತು.

ಎಲ್ಲರೂ ಹೋದ ಮೇಲೆ ಅವನು ಖಾಲಿ ಮೆಟ್ಟಿಲ ಮುಂದೆ ಕುಸಿದು ಕೂತ. ಕಣ್ಣಲ್ಲಿ ನೀರಿತ್ತು. ನನಗೆ ಎಳ್ಳಷ್ಟೂ ಕರುಣೆ ಬರಲಿಲ್ಲ.

"ಹಳೇ ರೈಲು ತಾನೆ?" ಎಂದೆ. "ಯಾರೋ ಮಕ್ಕಳು ಆಡ್ಕೋತಾರೆ ಬಿಡಿ."