ಐದಡಿ ಎರಡು ಇಂಚಿನ ಒಳಗಿನವರಿಗೆ

ಬಸ್ಸಿನ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಸೀಟಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಬಸ್ಸಿನ ಸೀಟು ಹೊಲಿಯುವುದು ಅವಳ ಕೆಲಸ. ಎತ್ತರ ನಾಲ್ಕು ಅಡಿ ಹತ್ತು ಇಂಚು. ಆ ಹತ್ತನೇ ಇಂಚಿನ ಬಗ್ಗೆ ಯಾರಾದರೂ ಅನುಮಾನ ತೋರಿಸಿದರೆ ಮಾತ್ರ ಅವಳಿಗೆ ರೇಗುತ್ತಿತ್ತು. ಉಳಿದಂತೆ ಗಿಡ್ಡಿ, ಮೋಟು, ಗುಬ್ಬಚ್ಚಿ, ಏನು ಕರೆದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಿವಿಗೆ ಹಾಕಿಕೊಳ್ಳದಿದ್ದರೂ ಮನಸ್ಸಿನಲ್ಲಿ ಒಂದು ಪಟ್ಟಿ ಇತ್ತು. ಬ್ಯಾಂಕಿನ ಕೌಂಟರಿನಾಚೆ ಕೂತವನಿಗೆ ಅವಳ ಹಣೆ ಮಾತ್ರ ಕಾಣುತ್ತದೆ. ಬಸ್ಸಿನಲ್ಲಿ ನೇತಾಡುವ ಹಿಡಿಕೆ ಅವಳ ಕೈಗೆ ಸಿಗುವುದಿಲ್ಲ, ಆ ಬಸ್ಸಿನ ಸೀಟೆಲ್ಲ ಅವಳೇ ಹೊಲಿದಿದ್ದರೂ. ಅಂಗಡಿಯಲ್ಲಿ ಬೇಕಾದ ಸಾಬೂನು ಯಾವಾಗಲೂ ಮೇಲಿನ ಹಲಗೆಯಲ್ಲೇ ಕೂತಿರುತ್ತದೆ. ಯಾರೋ ಉದ್ದನೆಯವರು ಈ ಲೋಕವನ್ನು ತಮಗೆ ಅಂತ ಕಟ್ಟಿಕೊಂಡು, ಆಮೇಲೆ ಪಾಪ ಅಂತ ನಮ್ಮನ್ನೂ ಒಳಗೆ ಬಿಟ್ಟುಕೊಂಡಿದ್ದಾರೆ ಎಂಬುದು ಅವಳ ಖಚಿತ ಅಭಿಪ್ರಾಯ.

ಹೀಗಿರುವಾಗ ವರ್ಕ್‌ಶಾಪಿನ ಹಿಂದೆ ತುಕ್ಕು ಹಿಡಿಯುತ್ತ ನಿಂತಿದ್ದ ಹಳೆಯ ಮಿನಿಬಸ್ಸನ್ನು ಮಾಲೀಕರು ಮಾರಾಟಕ್ಕಿಟ್ಟರು. ಸೀಟಕ್ಕ ಹಿಂದೆ ಮುಂದೆ ನೋಡಲಿಲ್ಲ. ಅರ್ಧ ತನ್ನ ಉಳಿತಾಯ, ಅರ್ಧ ಅಣ್ಣನ ದುಡ್ಡು ಹಾಕಿ ಕೊಂಡುಬಿಟ್ಟಳು. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಅದನ್ನು ಒಳಗೇ ಉಂಡು ಮಲಗಿ ಊರು ಸುತ್ತುವ ಕ್ಯಾಂಪರ್‌ವ್ಯಾನ್ ಮಾಡಿದಳು. ಒಳಗಿನ ಒಂದೊಂದು ವಸ್ತುವೂ ಅವಳ ಮೈಯಳತೆಯದು. ಸಿಂಕು ನೆಲದಿಂದ ಎರಡೂವರೆ ಅಡಿ. ಕಪಾಟಿನ ಮೇಲಿನ ಹಲಗೆಗೆ ಬೆರಳ ತುದಿಯಲ್ಲ, ಇಡೀ ಅಂಗೈ ತಾಗುತ್ತದೆ. ಸೀಟಿನ ಮೇಲೆ ಕೂತರೆ ಎರಡೂ ಪಾದ ನೆಲದ ಮೇಲಿರುತ್ತವೆ. ಹಾಸಿಗೆ ವ್ಯಾನಿನ ಅಡ್ಡಕ್ಕೆ, ಐದಡಿ ಮೂರು ಇಂಚು ಉದ್ದ. ದೂರದೂರಿನ ಬಸ್ಸು ಓಡಿಸುವ ಗಂಡ ಅವಳಿಗಿಂತ ಎರಡೇ ಇಂಚು ಹೆಚ್ಚು, ಹಾಗಾಗಿ ಅವನನ್ನು ಕೇಳುವ ಪ್ರಸಂಗವೇ ಬರಲಿಲ್ಲ.

ಓಡಿಸಲಿ ಬಿಡಲಿ, ವಿಮೆ, ತೆರಿಗೆ, ನಿಲ್ಲಿಸುವ ಜಾಗದ ಬಾಡಿಗೆ ತಪ್ಪುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ವರ್ಷಕ್ಕೆ ಹದಿನೈದು ದಿನ. ಉಳಿದ ದಿನ ಬಾಡಿಗೆಗೆ ಬಿಟ್ಟರೆ ವ್ಯಾನು ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ ಎಂದವನು ಅಣ್ಣ. ಅಣ್ಣ ಆರಡಿಯ ಆಳು, ಕಟ್ಟಡದ ಮೇಸ್ತ್ರಿ. ಮೂವತ್ತು ವರ್ಷದಲ್ಲಿ ಎಷ್ಟು ಮನೆ ಕಟ್ಟಿದ್ದಾನೋ ಅವನಿಗೇ ಗೊತ್ತಿಲ್ಲ. ತಂಗಿಯ ಮೇಲೆ ಜೀವ, ಆದರೆ ತಂಗಿಯ ಮಾತಿನ ಮೇಲೆ ಅಷ್ಟಿಲ್ಲ.

ವ್ಯಾನು ಬಾಡಿಗೆಗೆ ಕೊಡಿಸುವ ಆ್ಯಪಿನಲ್ಲಿ ಫೋಟೋ ಹಾಕಿದ ವಾರಕ್ಕೇ ಮೊದಲ ಗಿರಾಕಿಗಳು ಬಂದರು. ಹೊಸದಾಗಿ ಮದುವೆಯಾದವರು. ಗಂಡ ಬಾಗಿಲಲ್ಲಿ ನಿಂತಾಗಲೇ ಒಳಗೆ ಕತ್ತಲಾಯಿತು. ಮೂರು ದಿನ ಕಳೆದು ಹಣೆಯ ಮೇಲೆ ಎರಡು ಬುಗುಟುಗಳೊಂದಿಗೆ ವಾಪಸಾದ. ‘ಚೆಂದದ ಗೊಂಬೆಮನೆ, ಆದರೆ ನಾವು ಗೊಂಬೆಗಳಲ್ಲ’ ಎಂದು ಆ್ಯಪಿನಲ್ಲಿ ಬರೆದ. ಎರಡನೆಯ ತಂಡ ‘ಪಾತ್ರೆ ತೊಳೆಯಬೇಕಾದರೆ ಮಂಡಿಯೂರಬೇಕು’ ಎಂದಿತು. ಮೂರನೆಯವನು ಕೀಲಿಯ ಜೊತೆ ಹೆಲ್ಮೆಟ್ಟನ್ನೂ ಕೊಡಿ ಎಂದು ಸಲಹೆ ಕೊಟ್ಟ. ಐದು ನಕ್ಷತ್ರಕ್ಕೆ ಎರಡು ಸಿಕ್ಕಿತು. ಆಮೇಲೆ ಫೋನು ಬಾಯಿ ಮುಚ್ಚಿಕೊಂಡಿತು.

ಅಣ್ಣ ಬಂದ. ವ್ಯಾನಿನ ಒಳಗೆ ನಿಲ್ಲಲಾರದೆ ಹೊರಗೇ ನಿಂತು ಮಾತಾಡಿದ.

“ನೋಡು, ವಿಮೆ ಕಟ್ಟೋಕೆ ಇನ್ನು ಮೂರು ವಾರ ಇದೆ. ಅಷ್ಟ್ರಲ್ಲಿ ಅದರ ದುಡ್ಡು ಅದೇ ದುಡಿದ್ರೆ ಸರಿ. ಇಲ್ದಿದ್ರೆ ನನ್ನ ಬಡಗಿನ ಕರ್ಕೊಂಡು ಬಂದು ಒಳಗಿನದೆಲ್ಲ ಕೀಳಿಸ್ತೀನಿ. ಚಾವಣಿ ಎತ್ತರಿಸಿ, ಎಲ್ಲಾ ಹೊಸದಾಗಿ ಮಾಡೋಣ. ಖರ್ಚು ನಂದು.”

“ಕೀಳೋದಾ? ಎರಡು ವರ್ಷ ಕೂತು ಮಾಡಿದ್ದನ್ನ?”

“ಬಾಡಿಗೆಗೆ ಕೊಡೋದು ಅಂದ್ರೆ ಎಲ್ಲರಿಗೂ ಕೊಡೋದು ಕಣೇ. ನಿನಗೊಬ್ಬಳಿಗೆ ಹೊಲಿದ ಅಂಗಿನ ಊರಿಗೆಲ್ಲ ಹಾಕು ಅಂದ್ರೆ ಹೇಗೆ?”

“ಚಪ್ಪಲಿ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ನಂಬರ್ ಕೊಡ್ತಾರಾ ಅಣ್ಣ? ವ್ಯಾನಲ್ಲಿ ತಪ್ಪಿಲ್ಲ. ಬಂದವರ ನಂಬರ್ ತಪ್ಪು.”

ಅಣ್ಣ ಕೈ ಚೆಲ್ಲಿ ಹೋದ. ಸೀಟಕ್ಕ ಅಂದು ಸಂಜೆಯೇ ಹಳೆಯ ಜಾಹೀರಾತು ಅಳಿಸಿ ಹೊಸದು ಬರೆದಳು. ‘ಈ ವ್ಯಾನು ಐದಡಿ ಎರಡು ಇಂಚಿನ ಒಳಗಿನವರಿಗೆ ಮಾತ್ರ. ಅದಕ್ಕಿಂತ ಉದ್ದ ಇರುವವರು ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ, ನಿಮಗೆ ಇಡೀ ಪ್ರಪಂಚವೇ ಇದೆ.’ ಕೆಳಗೆ ಸಿಂಕು, ಹಲಗೆ, ಸೀಟು, ಹಾಸಿಗೆ, ಎಲ್ಲದರ ಅಳತೆಯನ್ನೂ ಇಂಚು ಬಿಡದೆ ಹಾಕಿದಳು.

ಮರುದಿನ ವರ್ಕ್‌ಶಾಪಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗು. ವೆಲ್ಡರು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, “ಸೀಟಕ್ಕ, ನನ್ನನ್ನ ಮಡಚಿ ಹಾಕಿದ್ರೆ ನಡೆಯುತ್ತಾ?” ಎಂದ. ಪೇಂಟರು ತನ್ನ ಹೆಂಡತಿಯನ್ನು ಕಳಿಸುತ್ತೇನೆ, ವಾಪಸು ಕಳಿಸದಿದ್ದರೂ ಬೇಜಾರಿಲ್ಲ ಎಂದ. ಸೀಟಕ್ಕ ಹೊಲಿಗೆಯ ಮೆಷಿನ್ನಿನಿಂದ ತಲೆ ಎತ್ತದೆ, “ನಗ್ರೋ ನಗ್ರಿ, ಬುಕಿಂಗ್ ಆದ್ಮೇಲೆ ನಾನು ನಗ್ತೀನಿ” ಎಂದಳು.

ಒಂದು ವಾರ ಕಳೆಯಿತು. ಯಾರೂ ಕೇಳಲಿಲ್ಲ. ಇನ್ನೊಂದು ವಾರವೂ ಕಳೆಯಿತು. ಒಬ್ಬ ಕೇಳಿದ, ತನಗೆ ಐದಡಿ ಹನ್ನೊಂದು, ಸ್ವಲ್ಪ ಬಗ್ಗಿ ಇರುತ್ತೇನೆ ಎಂದ. ಅವಳು ಬೇಡ ಎಂದಳು. ಬೇಡ ಎಂದು ಫೋನಿಟ್ಟ ಮೇಲೆ ಮಾತ್ರ ವಿಮೆಗೆ ಉಳಿದ ದಿನಗಳನ್ನು ಎಣಿಸಿದಳು. ಮೂರನೆಯ ವಾರದ ಬುಧವಾರ ಅಣ್ಣ ಫೋನು ಮಾಡಿ, ಶನಿವಾರ ಬೆಳಿಗ್ಗೆ ಬರಲು ಬಡಗಿಗೆ ಹೇಳಿದ್ದೇನೆ ಎಂದು ತಿಳಿಸಿದ. ಅಂದು ಕೆಲಸ ಮುಗಿಸಿ ಅವಳು ವ್ಯಾನಿನೊಳಗೆ ಹೋಗಿ ಕೂತಳು. ಪಾದಗಳು ನೆಲದ ಮೇಲೆ ಸಪಾಟಾಗಿ ಕೂತಿದ್ದವು. ಇದನ್ನು ಕಿತ್ತುಹಾಕಿದರೆ ಇನ್ನೊಮ್ಮೆ ಮಾಡುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಭಯವಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೂ ಜಾಹೀರಾತಿನ ಒಂದಕ್ಷರವನ್ನೂ ಬದಲಿಸಲಿಲ್ಲ.

ಗುರುವಾರ ಊಟದ ಹೊತ್ತಿಗೆ ಒಬ್ಬ ಹೆಂಗಸು ಫೋನು ಮಾಡಿದಳು. ಪ್ರೈಮರಿ ಶಾಲೆಯ ಟೀಚರಂತೆ.

“ಸಿಂಕು ಎರಡೂವರೆ ಅಡಿ ಅಂತ ಹಾಕಿದ್ದೀರಲ್ಲ, ಅದು ಅಂಚಿಗೋ ತಳಕ್ಕೋ?”

ಸೀಟಕ್ಕ ತುತ್ತು ಬಿಟ್ಟು ಎದ್ದು ನಿಂತಳು. ಉದ್ದನೆಯವರು ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ.

“ಅಂಚಿಗೆ. ನೀವೆಷ್ಟು ಎತ್ತರ ಮೇಡಂ?”

“ನಾಲ್ಕು ಹನ್ನೊಂದು. ನಮ್ಮಮ್ಮ ನಾಲ್ಕು ಎಂಟು. ಚಿಕ್ಕಮ್ಮ ಇನ್ನೂ ಕಮ್ಮಿ, ಎಷ್ಟು ಅಂತ ಹೇಳಲ್ಲ. ಮೂವರೂ ಶನಿವಾರ ಬಂದು ನೋಡಬಹುದಾ?”

“ಖಂಡಿತ ಬನ್ನಿ. ಆದರೆ ಎಂಟು ಗಂಟೆ ಒಳಗೆ ಬನ್ನಿ.”

ಶನಿವಾರ ಅವರು ಬರುವ ಮೊದಲೇ ಅಣ್ಣ ಬಂದುಬಿಟ್ಟಿದ್ದ. ಜೊತೆಗೆ ಬಡಗಿ, ಕೈಯಲ್ಲಿ ಗರಗಸ, ಹಾರೆ. ವರ್ಕ್‌ಶಾಪಿನ ಅಂಗಳದಲ್ಲಿ ವ್ಯಾನಿನ ಬಾಗಿಲು ತೆಗೆದಿತ್ತು. ಬಡಗಿ ಒಳಗೆ ಬಗ್ಗಿ ನೋಡಿ, “ಕೆಲಸ ಚೆನ್ನಾಗಿದೆ, ಕೀಳೋಕೆ ಮನಸ್ಸೇ ಬರಲ್ಲ” ಎಂದ. ಅಣ್ಣ ಅವನನ್ನು ದುರುಗುಟ್ಟಿ ನೋಡಿದ.

ಅಷ್ಟರಲ್ಲಿ ಗೇಟಿನಲ್ಲಿ ಆಟೋ ನಿಂತಿತು. ಟೀಚರು, ಅವರ ತಾಯಿ, ಚಿಕ್ಕಮ್ಮ ಇಳಿದರು. ಮೂವರನ್ನೂ ನೋಡಿ ಸೀಟಕ್ಕನಿಗೆ ತನ್ನ ತವರಿನವರನ್ನು ಕಂಡಷ್ಟು ಸಂತೋಷವಾಯಿತು. ಅಣ್ಣನ ಕಡೆ ತಿರುಗಿ, “ಅರ್ಧ ಗಂಟೆ ಕೊಡು. ಆಮೇಲೆ ನಿನ್ನಿಷ್ಟ” ಎಂದಳು. ಅಣ್ಣ ಬಡಗಿಗೆ ಕೂತಿರಲು ಹೇಳಿದ.

ಮೂವರೂ ತಲೆ ಬಗ್ಗಿಸದೆ ಒಳಗೆ ಹೋದರು. ಟೀಚರು ಮೇಲಿನ ಹಲಗೆಯ ಮೇಲೆ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟರು. ಚಿಕ್ಕಮ್ಮ ಸೀಟಿನ ಮೇಲೆ ಕೂತು ಕಾಲು ನೋಡಿಕೊಂಡು, “ಅಯ್ಯೋ, ನೇತಾಡ್ತಾ ಇಲ್ಲ ಕಣೇ!” ಎಂದು ಹುಡುಗಿಯ ಹಾಗೆ ಕೂಗಿದರು. ಟೀಚರ ತಾಯಿ, ಎಪ್ಪತ್ತರ ಅಜ್ಜಿ, ಯಾರ ಜೊತೆಗೂ ಮಾತಾಡದೆ ನೇರ ಸಿಂಕಿನ ಹತ್ತಿರ ಹೋದರು. ಅಲ್ಲಿದ್ದ ಲೋಟ ತೊಳೆದರು. ಮಗುಚಿಟ್ಟರು. ತೊಳೆದ ಲೋಟವನ್ನೇ ಎತ್ತಿಕೊಂಡು ಇನ್ನೊಮ್ಮೆ ತೊಳೆದರು. ಮೂರನೆಯ ಸಲ ನಲ್ಲಿ ತಿರುಗಿಸಿದಾಗ ಮಗಳು ಗಾಬರಿಯಾದಳು.

“ಏನಮ್ಮಾ? ಏನಾಯ್ತು?”

“ಭುಜ ಸುಮ್ನಿದೆ ಕಣೇ.”

“ಅಂದ್ರೆ?”

“ಪಾತ್ರೆ ತೊಳೀವಾಗ ಯಾವಾಗ್ಲೂ ಕಿವಿ ಹತ್ರ ಬಂದು ಕೂತಿರುತ್ತಲ್ಲ, ಅದು ಕೆಳಗೇ ಇದೆ. ಐವತ್ತು ವರ್ಷ ಭುಜನೋವು ಅಂತ ಎಣ್ಣೆ ತಿಕ್ಕಿಸ್ಕೊಂಡೆ. ನನ್ನ ಮೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ.” ಅಜ್ಜಿಯ ಕೈ ನೀರಿನ ಕೆಳಗೇ ಇತ್ತು. “ಮೈ ಸರಿಯಾಗೇ ಇತ್ತು.”

ಟೀಚರು ಮುಖ ಆ ಕಡೆ ತಿರುಗಿಸಿಕೊಂಡರು. ಬಾಗಿಲಲ್ಲಿ ಬಗ್ಗಿ ನಿಂತಿದ್ದ ಅಣ್ಣ ಮೆಲ್ಲಗೆ ಕೇಳಿದ:

“ನಿಮ್ಮ ಮನೇಲಿ ಅಡುಗೆ ಕಟ್ಟೆ ಎಷ್ಟು ಎತ್ತರ ಇದೆ ಅಮ್ಮ?”

“ನನಗೇನು ಗೊತ್ತಪ್ಪ. ಮೇಸ್ತ್ರಿ ಕಟ್ಟಿದ. ಎತ್ತರ ಆಯ್ತು ಅಂದ್ರೆ, ಎಲ್ಲರ ಮನೇಲೂ ಇಷ್ಟೇ ಅಮ್ಮ ಅಂದ. ಆಮೇಲೆ ನಾನು ಯಾರನ್ನ ಕೇಳ್ಲಿ?”

ಅಣ್ಣ ಬಾಗಿಲಿನಿಂದ ತಲೆ ಹೊರಗೆಳೆದುಕೊಂಡ. ಎಲ್ಲರ ಮನೆಯಲ್ಲೂ ಇಷ್ಟೇ ಎಂಬುದು ಅವನು ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಆಡುವ ಮಾತು.

ನಾಲ್ಕು ದಿನಕ್ಕೆ ಕೇಳಿಕೊಂಡು ಬಂದಿದ್ದ ಟೀಚರಿಗೆ ಅಜ್ಜಿ ಅಪ್ಪಣೆ ಕೊಟ್ಟರು, ಹತ್ತು ದಿನ ಹಾಕು ಎಂದು. ಚಿಕ್ಕಮ್ಮ ಮುಂದಿನ ತಿಂಗಳು ತಮ್ಮ ಭಜನೆಯ ಗೆಳತಿಯರೊಂದಿಗೆ ಇನ್ನೊಂದು ವಾರ ಬೇಕೆಂದರು. ಗೆಳತಿಯರ ಎತ್ತರ ಸೀಟಕ್ಕ ಕೇಳಿದಳು, ನಿಯಮ ಎಂದರೆ ನಿಯಮ. ಅಲ್ಲೇ ನಿಂತು ಮುಂಗಡ ಕೊಟ್ಟರು. ಆ ವರ್ಷದ ವಿಮೆ ಕಳೆದು ತೆರಿಗೆಗೂ ಮಿಕ್ಕಿತು. ಆಟೋ ಗೇಟು ದಾಟುವಾಗಲೂ ಅಜ್ಜಿ ಹಿಂತಿರುಗಿ ವ್ಯಾನನ್ನೇ ನೋಡುತ್ತಿದ್ದರು.

ಸೀಟಕ್ಕ ಸೊಂಟದ ಮೇಲೆ ಕೈಯಿಟ್ಟು ಅಣ್ಣನ ಎದುರು ನಿಂತಳು. ಗೆದ್ದವರು ನಿಲ್ಲುವ ರೀತಿಯೇ ಹಾಗೆ. ಮೂರು ವಾರದಿಂದ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದಿದ್ದವು. ಆದರೆ ಅಣ್ಣ ಅವಳ ಮುಖ ನೋಡುತ್ತಿರಲಿಲ್ಲ. ಜೇಬಿನಿಂದ ಟೇಪು ತೆಗೆದ.

“ಬಾ ಇಲ್ಲಿ. ಚಪ್ಪಲಿ ಬಿಟ್ಟು ನಿಲ್ಲು. ಮೊಣಕೈ ಮಡಚು.”

“ಯಾಕೆ?”

“ನಿಲ್ಲೇ ಸುಮ್ನೆ.”

ಆರಡಿಯ ಅಣ್ಣ ಅಂಗಳದ ಸಿಮೆಂಟಿನ ಮೇಲೆ ಮಂಡಿಯೂರಿದ. ಟೇಪಿನ ತುದಿಯನ್ನು ಅವಳ ಹಿಮ್ಮಡಿಯ ಹತ್ತಿರ ಒತ್ತಿ ಹಿಡಿದು ಮೊಣಕೈಯವರೆಗೆ ಎಳೆದ. ಲೋಕದ ಬಾಗಿಲು, ಕಿಟಕಿ, ಮೆಟ್ಟಿಲುಗಳನ್ನೆಲ್ಲ ಅಳೆದವನು ತಂಗಿಯನ್ನು ಅಳೆದಿದ್ದು ಅದೇ ಮೊದಲು.

“ಮೂವತ್ತಾರಕ್ಕೆ ಕಾಲು ಇಂಚು ಕಮ್ಮಿ” ಎಂದ. ಆಮೇಲೆ ಟೇಪು ಮಡಚುವುದನ್ನು ಮರೆತು ಹಾಗೇ ಕೂತ. “ನಿಮ್ಮನೆ ಕಟ್ಟೆ ಮೂವತ್ತಾರು.”

ಸೀಟಕ್ಕನ ಅಡುಗೆಮನೆ ಕಟ್ಟಿದವನು ಅವನೇ. ಗೃಹಪ್ರವೇಶದ ಉಡುಗೊರೆ ಅಂತ ಒಂದು ಪೈಸೆ ಕೂಲಿ ಮುಟ್ಟದೆ, ಕಪ್ಪು ಕಲ್ಲನ್ನು ತಾನೇ ಆರಿಸಿ ತಂದು, ಮೂರು ದಿನ ಕೂತು ಪಾಲಿಶ್ ಮಾಡಿ ಕೊಟ್ಟಿದ್ದ. ಅವತ್ತು ಅವಳು ಎಲ್ಲರ ಮುಂದೆ ಇಂಥ ಕಟ್ಟೆ ಊರಲ್ಲೇ ಇಲ್ಲ ಎಂದಿದ್ದಳು.

“ಮೊಣಕೈಗಿಂತ ಕಟ್ಟೆನೇ ಎತ್ತರ” ಎಂದ ಅಣ್ಣ. “ಎಷ್ಟು ವರ್ಷ ಆಯ್ತು, ಹದಿನೈದಾ?”

“ಹದಿನಾರು.”

“ಒಂದು ಮಾತು ಹೇಳಬಾರದಿತ್ತೇನೇ?”

ನಾಲಗೆಯ ತುದಿಯಲ್ಲಿದ್ದ ಮಾತುಗಳು ಎಲ್ಲಿ ಹೋದವೋ. ಅಣ್ಣನ ತಲೆ ಅವಳ ಎದೆಯ ಮಟ್ಟದಲ್ಲಿತ್ತು. ನೆತ್ತಿಯಲ್ಲಿ ಕೂದಲು ತೆಳುವಾಗಿರುವುದು ಅವಳಿಗೆ ಇಷ್ಟು ವರ್ಷ ಕಂಡೇ ಇರಲಿಲ್ಲ.

“ನೀನು ಅಷ್ಟು ಪ್ರೀತಿಯಿಂದ ಕಟ್ಟಿಕೊಟ್ಟಿದ್ದೆ” ಎಂದಳು. “ಹೇಳೋಕೆ ಬಾಯಿ ಬರಲಿಲ್ಲ ಅಣ್ಣ. ಅದಕ್ಕೇ ವ್ಯಾನ್ ಮಾಡ್ಕೊಂಡೆ.”

ಅಣ್ಣ ಮಂಡಿಯ ಧೂಳು ಕೊಡವಿಕೊಂಡು ಎದ್ದ. ಮೂಗು ಒರೆಸಿಕೊಂಡು, ನೆರಳಲ್ಲಿ ಕೂತಿದ್ದ ಬಡಗಿಗೆ ಕೂಗಿ ಹೇಳಿದ, “ಏಳಯ್ಯ, ಕೆಲಸ ಇಲ್ಲಿ ಅಲ್ಲ. ತಂಗಿ ಮನೇಲಿ. ಕಟ್ಟೆ ಕೆಳಗಿನ ಕಪಾಟು ಮೊದಲು ಬಿಚ್ಚಬೇಕು, ಕಲ್ಲು ನಾನು ನೋಡ್ಕೋತೀನಿ.” ಬಡಗಿ ಗರಗಸ, ಹಾರೆ ಎತ್ತಿಕೊಂಡು ಹೊರಟ.

ಸೀಟಕ್ಕ ಮನೆಯ ಕೀಲಿ ಕೊಟ್ಟಳು. ಅವರು ಗೇಟಿನವರೆಗೆ ಹೋಗಿದ್ದಾಗ ಹಿಂದಿನಿಂದ ಕೂಗಿದಳು:

“ಕಲ್ಲು ಒಡೀಬೇಡ ಅಣ್ಣ, ಅದು ತುಂಬಾ ಚೆನ್ನಾಗಿದೆ. ಕೆಳಗಿಳಿಸು, ಅಷ್ಟು ಸಾಕು.”