ಹೊಲಿಗೆ ಹೊರಗೆ

ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಅಂಚು ಉಳಿದರೆ ಮಗಳು ಗುಬ್ಬಿ ತಟ್ಟೆಯನ್ನೇ ಮುಟ್ಟುವವಳಲ್ಲ. ಹಾಗಾಗಿ ತಾಯಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಚಾಕು ಆಡಿಸುತ್ತಲೇ ಇದ್ದಳು.

"ನಿನ್ ಚಿಕ್ಕಮ್ಮ ಹೋಗ್ಬಿಟ್ಲು ಕಣೇ," ಎಂದಿತು ಆ ಕಡೆಯಿಂದ ಅವಳ ಅಮ್ಮನ ದನಿ. "ಕಾಫಿಗೆ ಅಂತ ಕೂಗ್ದೆ. ಏಳ್ಲೇ ಇಲ್ಲ."

ಚಾಕು ನಿಂತಿತು. ಏಳು ವರ್ಷದ ಗುಬ್ಬಿ ಮೇಜಿನ ಆಚೆ ಕಡೆ ಕೂತು ತಾಯಿಯ ಮುಖ ನೋಡುತ್ತಿದ್ದಳು.

"ಬಟನ್ ಅಜ್ಜಿ ತೀರ್ಕೊಂಡ್ರಂತೆ ಕಂದಾ."

ಗುಬ್ಬಿ ಬ್ರೆಡ್ಡಿನ ಕಡೆ ಬೆರಳು ತೋರಿಸಿದಳು. "ಇನ್ನೊಂದು ಅಂಚು ಇದೆ," ಎಂದಳು.

ತಾಯಿ ಅದನ್ನೂ ಕತ್ತರಿಸಿದಳು.

*

ತವರುಮನೆಯ ಮುಂದಿನ ಕೋಣೆಯಲ್ಲಿ ಜನ ಸೇರಿದ್ದರು. ಒಳಕೋಣೆಯಲ್ಲಿ ಮೈ ತೊಳೆದು ಮಲಗಿಸಿದ್ದ ಚಿಕ್ಕಮ್ಮನ ಮೇಲೆ ಬಿಳಿ ಹಚ್ಚಡವಿತ್ತು. ಗುಬ್ಬಿಯ ಅಜ್ಜಿ, ಅಂದರೆ ಸತ್ತವಳ ಅಕ್ಕ, ಬೀರುವಿನಿಂದ ನೀಲಿ ಬಣ್ಣದ ಉದ್ದನೆಯ ಅಂಗಿಯೊಂದನ್ನು ತೆಗೆದಳು.

"ನಾನೇ ಕೊಡ್ಸಿದ್ದು. ಒಂದು ದಿನಾನೂ ಮೈಗೆ ಹಾಕ್ಲಿಲ್ಲ, ಪುಣ್ಯಾತ್ಗಿತ್ತಿ."

ಗಾರ್ಮೆಂಟ್ಸಿನಲ್ಲಿ ಚಿಕ್ಕಮ್ಮನ ಪಕ್ಕ ಕೂತು ಗುಂಡಿಯ ಕಾಜಾ ಹಾಕುತ್ತಿದ್ದ ಗೆಳತಿ ಕೈಚಾಚಿ ಅಂಗಿಯನ್ನು ತೆಗೆದುಕೊಂಡಳು. ಎರಡೂ ತೋಳು ಒಳಗೆ ತೂರಿಸಿ, ಸರಕ್ಕನೆ ಒಳಮೈ ಹೊರಗೆ ಮಾಡಿದಳು.

"ಏನ್ ಮಾಡ್ತಿದ್ದೀಯ?" ಅಜ್ಜಿ ಅಂಗಿಗೆ ಕೈ ಹಾಕಿದಳು.

"ಅವಳು ಹಾಕ್ಕೊಳ್ಳೋ ಥರ ಮಾಡ್ತಿದ್ದೀನಕ್ಕ. ಸೀದಾ ಬಟ್ಟೆ ಹಾಕ್ಕೊಂಡಿದ್ದು ನಾನಂತೂ ಕಂಡಿಲ್ಲ."

"ನೀವು ಮೆಷಿನ್ ಹತ್ರ ಕೂತು ನಕ್ಕೊಂಡಿದ್ರಿ. ಬೀದೀಲಿ ಕೇಳಿಸ್ಕೊಂಡೋಳು ನಾನು. ಅಗೋ ಆ ತಿಕ್ಕಲಿಯ ಅಕ್ಕ ಬಂದ್ಲು ಅನ್ನೋರು. ಇವತ್ತು ಯಾರೂ ನಗಬಾರ್ದು."

"ಸತ್ತೋರನ್ನ ನೋಡಿ ಯಾರಕ್ಕ ನಗ್ತಾರೆ?"

"ನಿಂಗೆ ಜನ ಗೊತ್ತಿಲ್ಲ ಸುಮ್ನಿರು. ಇಲ್ಲಿ ಅಯ್ಯೋ ಪಾಪ ಅಂತಾರೆ, ಮನೆಗೋಗಿ ಕತೆ ಕಟ್ತಾರೆ. ಕೊನೇ ಸಲ ಹೊರಗೆ ಹೋಗ್ತಿದ್ದಾಳೆ. ನಾಲ್ಕು ಜನರ ಥರ ಹೋಗ್ಲಿ."

ಅಂಗಿಯ ಒಂದು ತೋಳು ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅಮ್ಮನ ಗಲ್ಲ ನಡುಗುತ್ತಿರುವುದನ್ನು ಗುಬ್ಬಿಯ ತಾಯಿ ಕಂಡಳು. ಇನ್ನೊಂದು ಮಾತು ಬಂದರೆ ಅಮ್ಮ ಅಲ್ಲೇ ಕುಸಿಯುತ್ತಾಳೆ ಅನ್ನಿಸಿತು.

"ಕೊಡಮ್ಮ, ನಾನು ಹಾಕ್ತೀನಿ."

ಅವಳು ಅಂಗಿಯನ್ನು ಮತ್ತೆ ಸೀದಾ ಮಾಡಿದಳು. ಚಿಕ್ಕಮ್ಮನ ಸೆಟೆದುಕೊಂಡಿದ್ದ ತೋಳುಗಳನ್ನು ಮೆಲ್ಲಗೆ ತೂರಿಸಿದಳು. ಕುತ್ತಿಗೆಯ ಹಿಂದೆ ಗಡಸು ಲೇಬಲ್ಲು ಬೆರಳಿಗೆ ತಾಗಿತು. ಒಂದು ಗಳಿಗೆ ಅಲ್ಲೇ ನಿಂತ ಬೆರಳು ಮುಂದೆ ಸರಿದು ಗುಂಡಿ ಹಾಕಿತು.

ಬಾಗಿಲ ಬಳಿ ಗುಬ್ಬಿ ನಿಂತಿದ್ದಳು. ಯಾವಾಗಿನಿಂದಲೋ ಗೊತ್ತಿಲ್ಲ.

"ಅಮ್ಮಾ..."

"ಆಮೇಲೆ ಕಂದಾ."

*

ಚಿಕ್ಕಮ್ಮ ಗುಬ್ಬಿಯಷ್ಟಿದ್ದಾಗ ಬೀರುವಿಗೂ ಗೋಡೆಗೂ ನಡುವಿನ ಸಂದಿಯೆಂದರೆ ಅವಳಿಗೆ ಪ್ರಾಣ. ಎರಡೂ ಕಡೆಯಿಂದ ಒತ್ತಿಕೊಂಡಂತಿರುವ ಆ ಜಾಗದಲ್ಲಿ ಗಂಟೆಗಟ್ಟಲೆ ನಿಂತಿರುತ್ತಿದ್ದಳು. ಕಲ್ಲು ನೆಲದ ಮೇಲೆ ಒಂದೊಂದೇ ಗುಂಡಿ ಬೀಳಿಸಿ, ಕಣ್ಣು ಮುಚ್ಚಿಕೊಂಡೇ ಇದು ಮರದ್ದು, ಇದು ಚಿಪ್ಪಿನದ್ದು ಎಂದು ಹೇಳುತ್ತಿದ್ದಳು. ಪಾತ್ರೆಯ ತಳಕ್ಕೆ ಚಮಚ ಕೆರೆದರೆ ವಾಂತಿ. ನೆಂಟರು ಕೆನ್ನೆ ಹಿಂಡಿದರೆ ಓಡಿಹೋಗಿ ಕೆನ್ನೆ ತೊಳೆಯುವಳು. ತಲೆ ಬಾಚುವ ಹೊತ್ತು ಇಡೀ ಬೀದಿಗೇ ಗೊತ್ತಾಗುತ್ತಿತ್ತು.

ಎಲ್ಲಕ್ಕಿಂತ ಕಷ್ಟದ್ದು ಬಟ್ಟೆ. ಶಾಲೆಯಲ್ಲಿ ಫೋಟೋ ತೆಗೆಸುವ ದಿನ ಹೊಸ ಅಂಗಿ ತೊಡಿಸಿ ಕಳಿಸಿದ್ದರು. ಎಲ್ಲರೂ ಸಾಲಾಗಿ ನಿಂತಿರುವಾಗ ಹುಡುಗಿ ಅದನ್ನು ಕಿತ್ತೆಸೆದು, ಒಳಲಂಗದಲ್ಲಿ ನಿಂತು ಅತ್ತಳು. ಅಕ್ಕ ಚೀಲದಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಓಡಿದಳು.

"ಹಠ ಅಂದ್ರೆ ಹಠ. ನಾಲ್ಕು ಬಿಗಿದ್ರೆ ಸರಿಹೋಗ್ತಾಳೆ," ಎಂದ ಅಪ್ಪ.

ಮಾರನೆಯ ಬೆಳಿಗ್ಗೆ ಅವ್ವ ತನ್ನ ಬಟ್ಟೆಯನ್ನೇ ಒಳಮೈ ಹೊರಗೆ ಮಾಡಿ ತೊಟ್ಟುಕೊಂಡಳು. ಹಾಗೇ ಕಸ ಗುಡಿಸಿದಳು, ಹಾಗೇ ಹಾಲಿಗೆ ಹೋದಳು.

"ನಿದ್ದೆಗಣ್ಣಲ್ಲಿ ಹಾಕ್ಕೊಂಡ್ಯಾ ಹೆಂಗೆ?" ನೆರೆಯವಳು ಕೇಳಿದಳು.

"ಇಲ್ಲ ಕಣೇ. ಹೆಂಗಿರುತ್ತೆ ನೋಡೋಣ ಅಂತ. ಮೆತ್ತಗಿದೆ."

ಅವ್ವನ ಪಕ್ಕ ಕಿರಿಯವಳು ಕುಣಿಯುತ್ತ ನಡೆದಳು. ಹಿರಿಯವಳು ಮಾತ್ರ, ಇವರು ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ, ಬಹಳ ಹಿಂದೆ ಉಳಿದು ಬಂದಳು.

ದೊಡ್ಡವಳಾದ ಮೇಲೆ ಚಿಕ್ಕಮ್ಮ ಎಳೆಗೂಸುಗಳ ಬಟ್ಟೆ ಹೊಲಿಯುವ ಗಾರ್ಮೆಂಟ್ಸಿಗೆ ಸೇರಿದಳು. ಕೂಸಿನ ಮೈಗೆ ಒತ್ತಬಾರದೆಂದು ಅಲ್ಲಿ ಹೊಲಿಗೆಯನ್ನು ಹೊರಗಡೆಗೇ ಬಿಡುತ್ತಿದ್ದರು.

"ನನ್ ಫ್ಯಾಷನ್ ಅರ್ಥ ಆಗೋದು ಹಲ್ಲು ಬರ್ದೆ ಇರೋರಿಗೆ ಮಾತ್ರ," ಎನ್ನುತ್ತಿದ್ದಳು.

*

ಗುಬ್ಬಿ ಎರಡು ವರ್ಷದವಳಿದ್ದಾಗ, ಬಟ್ಟೆ ತೊಡಿಸುವಾಗಲೆಲ್ಲ ಉಸಿರು ಕಟ್ಟುವಷ್ಟು ಅಳುತ್ತಿದ್ದಳು. ಒಂದು ಬೆಳಿಗ್ಗೆ ತಾಯಿಯೂ ಮಗುವಿನ ಜೊತೆ ನೆಲದ ಮೇಲೆ ಕೂತು ಅಳುತ್ತಿದ್ದಾಗ ಚಿಕ್ಕಮ್ಮ ಬಂದಳು. ಏನಾಯಿತೆಂದು ಕೇಳಲಿಲ್ಲ. ಫ್ರಾಕನ್ನು ತಿರುಗಿಸಿ, ಲೇಬಲ್ಲನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಮಗುವಿಗೆ ತೊಡಿಸಿದಳು. ಮಗು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

"ಚುಚ್ಚುತ್ತೆ ಕಣೇ ಅದಕ್ಕೆ," ಎಂದಳು ಚಿಕ್ಕಮ್ಮ. "ನಿಂಗೆ ಚುಚ್ಚಲ್ಲ, ಅಷ್ಟೇ."

*

ಮಧ್ಯಾಹ್ನದ ಹೊತ್ತಿಗೆ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಚಿಕ್ಕಮ್ಮನನ್ನು ಮುಂದಿನ ಕೋಣೆಗೆ ತಂದಿದ್ದರು. ಕೊರಳವರೆಗೆ ಗುಂಡಿ, ಇಸ್ತ್ರಿಯ ಗೆರೆ ಮುರಿಯದ ತೋಳು.

"ಎಷ್ಟು ಲಕ್ಷಣವಾಗಿ ಕಾಣ್ತಿದ್ದಾಳಲ್ವಾ," ಎಂದಳು ಎದುರುಮನೆಯವಳು. "ಮೊದಲ್ನೇ ಸಲ ಮನುಷ್ಯರ ಥರ ಇದ್ದಾಳೆ ನೋಡಿ."

ಅಜ್ಜಿ ತಲೆಯಾಡಿಸಿದಳು. ಆಮೇಲೆ ಮುಖ ಆ ಕಡೆ ತಿರುಗಿಸಿದಳು. ಗೋಡೆಗೆ ಒರಗಿ ಕೂತಿದ್ದ ಕಾಜಾದ ಗೆಳತಿ ನೆಲ ನೋಡುತ್ತಿದ್ದಳು.

ಗುಬ್ಬಿ ತಾಯಿಯ ಸೆರಗು ಜಗ್ಗಿದಳು. "ಅಮ್ಮಾ, ಒಂದು ಕೇಳ್ಲಾ?"

"ಈಗ ಬೇಡ ಪುಟ್ಟಾ. ಎತ್ತೋ ಹೊತ್ತಾಯ್ತು."

ಎದುರುಮನೆಯವಳ ಕಣ್ಣು ಆಗ ಮಗುವಿನ ಮೇಲೆ ಬಿತ್ತು. "ಅಯ್ಯೋ, ಈ ಗಡಿಬಿಡೀಲಿ ಮಗು ಫ್ರಾಕ್ ಉಲ್ಟಾ ಹಾಕಿಬಿಟ್ಟಿದ್ದೀರಲ್ರೀ! ಬಾ ಇಲ್ಲಿ ಚಿನ್ನಾ, ಸರಿ ಮಾಡ್ತೀನಿ." ಅವಳ ಕೈ ಗುಬ್ಬಿಯ ಭುಜದ ಮೇಲಿನ ಗುಂಡಿಗೆ ಹೋಗಿಯೇಬಿಟ್ಟಿತು. ಗುಬ್ಬಿ ಮರದ ತುಂಡಿನಂತೆ ಸೆಟೆದುಕೊಂಡಳು.

"ಬಿಡೇ ಅವಳನ್ನ!" ಅಜ್ಜಿ ಚೀರಿದ ರಭಸಕ್ಕೆ ಬಾಗಿಲ ಹೊರಗಿದ್ದ ಗಂಡಸರೂ ಇಣುಕಿದರು. "ಮುಟ್ಬೇಡ. ಸೀದಾ ಹಾಕಿದ್ರೆ ಅವಳಿಗೆ ಚುಚ್ಚುತ್ತೆ."

ಎದುರುಮನೆಯವಳು ಕೈ ಹಿಂದಕ್ಕೆ ತೆಗೆದಳು. ತಾನು ಆಡಿದ ಮಾತನ್ನು ಈಗಷ್ಟೇ ಕೇಳಿಸಿಕೊಂಡವಳಂತೆ ಅಜ್ಜಿ ಬಾಯಿಗೆ ಸೆರಗು ಒತ್ತಿ ನಿಂತಳು. ಎತ್ತಲು ಬಗ್ಗಿದ್ದ ನಾಲ್ವರೂ ಹಾಗೇ ಬಗ್ಗಿಕೊಂಡು ಉಳಿದರು.

ಗುಬ್ಬಿ ಬಟನ್ ಅಜ್ಜಿಯ ತಲೆಯ ಬಳಿ ಹೋದಳು. ಆ ಬಿಗಿದ ಕೊರಳಪಟ್ಟಿಯನ್ನು ಮುಟ್ಟದೆ ನೋಡಿದಳು. ಎರಡೂ ಕೈಯಲ್ಲಿ ತನ್ನ ಫ್ರಾಕಿನ ಅಂಚನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡು ತಾಯಿಯ ಕಡೆ ತಿರುಗಿದಳು. ದನಿ ಸಣ್ಣದೇನೂ ಇರಲಿಲ್ಲ. ವ್ಯಾನಿನ ಡ್ರೈವರಿಗೂ ಕೇಳಿಸಿತು.

"ಅಮ್ಮಾ, ನಾನು ಸತ್ತೋದಾಗ ನಂಗೂ ಸೀದಾ ಹಾಕ್ತೀಯಾ?"