ಲವೆಲ್ ಹಾಕಿದ ಕಾಳು

2009ರ ಏಪ್ರಿಲ್ 3, ಶುಕ್ರವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಲವೆಲ್ ಟಿಬ್ಸ್ ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಾಗ ಡ್ವೇನ್ ಸ್ಟೆಲ್ಟ್ಸರ್ ಮೀನು ಕರಿಯುತ್ತಿದ್ದ. ತಲೆ ಎತ್ತದೆಯೇ ಅವನಿಗೆ ಗೊತ್ತಾಯಿತು. ಹಾಲ್‌ನಲ್ಲಿ ಮಾತು ಒಮ್ಮೆ ತಗ್ಗಿತು, ಆಮೇಲೆ ಬೆಂಚುಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಜನ ತನಗಾಗಿ ಎದ್ದು ನಿಂತ ಸದ್ದನ್ನು ಡ್ವೇನ್ ಎಂದೂ ಕೇಳಿರಲಿಲ್ಲ.

ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಊರೆಲ್ಲ ಇಲ್ಲೇ ಮೀನು ತಿನ್ನುವುದು. ಈ ವರ್ಷ ಪ್ರತಿ ತಟ್ಟೆಯ ಜೊತೆ ಒಂದು ಡಬಲ್ ಬೀನ್ಸ್ ಕಾಳು ಕೊಡುತ್ತಿದ್ದರು. ಬಾಗಿಲ ಬಳಿಯ ಮೇಜಿನ ಮೇಲೆ ಗಾಜಿನ ಜಾಡಿಗಳು, ಒಂದೊಂದಕ್ಕೂ ಒಬ್ಬ ಆಟಗಾರನ ಫೋಟೊ. ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಫುಟ್‌ಬಾಲ್ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಾಗೆ ನಮ್ಮ ತಂಡ ಆರಿಸಿದವರಲ್ಲಿ ಎಲ್ಲ ಕಾಲಕ್ಕೂ ಶ್ರೇಷ್ಠ ಯಾರು ಎನ್ನುವುದು ಪ್ರಶ್ನೆ; ಕಾಳೇ ಮತ. ಇದು ಕೊನೆಯ ಶುಕ್ರವಾರ. ಗೆಲ್ಲುವವನು ಯಾರೆಂದು ಎಲ್ಲರಿಗೂ ಅಂದಾಜಿದ್ದುದರಿಂದ ಲವೆಲ್‌ನನ್ನೇ ಊಟಕ್ಕೆ ಕರೆದಿದ್ದರು.

1978ರ ಡ್ರಾಫ್ಟ್‌ನಲ್ಲಿ ತಂಡ ಡ್ವೇನ್‌ನನ್ನು ಎರಡನೇ ಸುತ್ತಿನಲ್ಲಿ ಆರಿಸಿತ್ತು, ಲವೆಲ್‌ನನ್ನು ಹನ್ನೊಂದನೇ ಸುತ್ತಿನಲ್ಲಿ. ಇಬ್ಬರದೂ ಒಂದೇ ಜಾಗ. ಡ್ವೇನ್ ಒಂಬತ್ತು ಪಂದ್ಯ ಆಡಿದ, ಲವೆಲ್ ಹನ್ನೊಂದು ವರ್ಷ. ಡ್ವೇನ್‌ನ ಮಂಡಿ ಹೋಯಿತು, ಅದಕ್ಕೇ ಹಾಗಾಯಿತು ಎಂದು ಊರು ನಂಬಿತ್ತು. ಮಂಡಿ ಹೋದದ್ದು ನಿಜ. ಆದರೆ ಅದು ಜಾಗ ಕೈತಪ್ಪಿ ಎರಡು ವಾರದ ಮೇಲೆ. ಇದು ಡ್ವೇನ್‌ಗೆ ಗೊತ್ತಿತ್ತು, ಅವನ ಹೆಂಡತಿ ಮಾರ್ಲಿಸ್‌ಗೆ ಗೊತ್ತಿತ್ತು.

"ಯಾರೇನೇ ಹೇಳ್ಲಿ, ಕ್ಲೆಮ್ ಯಿರೊವೆಟ್ಸ್‌ನ ಮೀರ್ಸೋರಿಲ್ಲ," ಎಂದ ಡ್ವೇನ್, ತಟ್ಟೆಗೆ ಮೀನು ಹಾಕುತ್ತ. ಆರು ವಾರದಿಂದ ಇದನ್ನೇ ಹೇಳುತ್ತಿದ್ದ. "ಹದಿಮೂರು ವರ್ಷ ಒಂದೇ ಒಂದು ಪಂದ್ಯ ತಪ್ಪಿಸ್ಲಿಲ್ಲ ಕ್ಲೆಮ್ಮು. ಲವೆಲ್ ಎಷ್ಟು ತಪ್ಪಿಸ್ದ ಕೇಳಿ. ಇಪ್ಪತ್ತೆರಡು."

"ಕ್ಲೆಮ್ ಆಟ ಬಿಟ್ಟಾಗ ನೀನಿನ್ನೂ ತೊಟ್ಟಿಲಲ್ಲಿದ್ಯಲ್ಲೋ," ಎಂದ ಆರ್ವಿಲ್ ಕೊಸ್ತ್ಕಾ. ಅಡುಗೆಮನೆಯ ಯಜಮಾನಿಕೆ ಅವನದು. "ಸತ್ತೋನು ಊಟಕ್ಕೆ ಬರಲ್ಲ, ಅದಕ್ಕೇ ನಿಂಗವನು ಇಷ್ಟ."

ಮಾರ್ಲಿಸ್ ಕೋಸಿನ ಪಲ್ಯ ಬಡಿಸುತ್ತಿದ್ದಳು. ಅವಳ ಕಾಳು ಹಿಂದಿನ ಐದು ವಾರವೂ ಲವೆಲ್ ಜಾಡಿಗೇ ಬಿದ್ದಿತ್ತು, ಗಂಡನ ಕಣ್ಣೆದುರೇ. "ಕ್ಲೆಮ್ ಆಟ ನಾನು ನೋಡಿಲ್ಲ. ನೋಡಿದ್ದಕ್ಕೆ ತಾನೆ ಹಾಕೋದು," ಎಂದಿದ್ದಳು ಮೊದಲ ವಾರ. ಇವತ್ತೂ ಅಲ್ಲಿಗೇ ಹಾಕಿ ಬಂದಳು. ಡ್ವೇನ್ ಅಡುಗೆಮನೆಯ ಬಡಿಸುವ ಕಿಟಕಿಯಿಂದ ನೋಡಿದ. ಲವೆಲ್ ಎದ್ದು ನಿಂತು ಅವಳ ಕೈ ಕುಲುಕಿ ಏನೋ ಹೇಳಿದ. ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಅಷ್ಟರಲ್ಲಿ ಇಲ್ಲಿ ಒಂದು ಬಾಂಡಲೆ ಮೀನು ಕಪ್ಪಾಗಿತ್ತು.

ಲವೆಲ್ ಜಾಡಿಗಳ ಸಾಲನ್ನು ಎರಡು ಸಲ ನೋಡಿದ. "ನಮ್ಮ ಡ್ವೇನ್ ಎಲ್ಲಿ?"

ಆರ್ವಿಲ್ ಒಳಗಿನಿಂದ ಉಪ್ಪಿನಕಾಯಿಯ ಖಾಲಿ ಜಾಡಿ ತಂದಿಟ್ಟ. ಲವೆಲ್ ತನ್ನ ಕಾಳನ್ನು ಅದಕ್ಕೆ ಹಾಕಿದ.

"ಇವನ ಮಂಡಿ ಹೋಗ್ದೇ ಇದ್ದಿದ್ರೆ ನಾನು ಊರಲ್ಲಿ ಲಾರಿ ಓಡಿಸ್ಕೊಂಡು ಇರ್ತಿದ್ದೆ ಕಣ್ರಪ್ಪ," ಎಂದ ದೊಡ್ಡ ದನಿಯಲ್ಲಿ. "ಹೆಂಗೆ ನಿಲ್ಲಬೇಕು ಅನ್ನೋದನ್ನ ಇವನನ್ನ ನೋಡೇ ಕಲ್ತಿದ್ದು."

ಜನ ಚಪ್ಪಾಳೆ ತಟ್ಟಿದರು. ಲವೆಲ್ ಮನಸ್ಸಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಡ್ವೇನ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಜಾಲರಿ ಸೌಟು ಎತ್ತಿ ತೋರಿಸಿ ನಕ್ಕ, ಮತ್ತೆ ಎಣ್ಣೆಯತ್ತ ತಿರುಗಿದ.

ಆರೂವರೆಯ ಹೊತ್ತಿಗೆ ಎಲ್ಲರೂ ಲವೆಲ್ ಜೊತೆ ಫೋಟೊ ತೆಗೆಸಿಕೊಳ್ಳಲು ಆ ತುದಿಗೆ ಹೋಗಿದ್ದರು. ಡ್ವೇನ್ ಕಸದ ಚೀಲ ಹಿಡಿದು ಬಾಗಿಲತ್ತ ನಡೆದ. ಅವನ ಪಾಲಿನ ಕಾಳು ಅಂಗಿಯ ಜೇಬಿನಲ್ಲಿತ್ತು. ಕ್ಲೆಮ್ ಜಾಡಿಯ ಮುಂದೆ ನಿಂತ. ಕೈ ಮಾತ್ರ ಪಕ್ಕಕ್ಕೆ ಹೋಯಿತು. ಒಂದೇ ಕಾಳಿದ್ದ ಉಪ್ಪಿನಕಾಯಿ ಜಾಡಿಯಲ್ಲಿ ಕಾಳು ಬಿದ್ದ ಸದ್ದು ಅವನು ಎಣಿಸಿದ್ದಕ್ಕಿಂತ ಜೋರಾಗಿತ್ತು.

ಎಣಿಸಲಾಗದಷ್ಟು ಕಾಳು ಸೇರಿದ್ದರಿಂದ ಆರ್ವಿಲ್ ತೂಕದ ಯಂತ್ರ ತಂದ. ಒಂದೊಂದೇ ಜಾಡಿ ಬಗ್ಗಿಸಿ, ತೂಗಿ, ಕರಿಹಲಗೆಯ ಮೇಲೆ ಬರೆದ. ಲವೆಲ್ ಟಿಬ್ಸ್, 1,412 ಗ್ರಾಂ. ಕ್ಲೆಮ್ ಯಿರೊವೆಟ್ಸ್, 655. ಉಳಿದವರು ಇನ್ನೂ ಕೆಳಗೆ. ಚಪ್ಪಾಳೆ ನಿಂತ ಮೇಲೆ ಡ್ವೇನ್ ಬೇಗಬೇಗ ಕುರ್ಚಿ ಮಡಿಸತೊಡಗಿದ.

"ತಡಿ, ನಿಂದು ಬಾಕಿ ಇದೆ," ಎಂದ ಆರ್ವಿಲ್.

"ಬಿಡೋ ಅದನ್ನ."

"ಲವೆಲ್ ಅಷ್ಟು ದೂರದಿಂದ ಬಂದು ಹಾಕಿರೋದು." ಆರ್ವಿಲ್ ಜಾಡಿ ಬಗ್ಗಿಸಿದ. "ಅರೆ, ಎರಡಿವೆ. ಇನ್ನೊಂದು ಯಾರ್ದಪ್ಪ?"

ಲವೆಲ್‌ಗೆ ನಿಜವಾಗಿಯೂ ಖುಷಿಯಾಗಿತ್ತು. "ನೋಡಿದ್ರಾ, ನನ್ ಜೊತೆಗೂ ಒಬ್ರಿದ್ದಾರೆ. ಯಾರು, ಕೈ ಎತ್ತಿ."

ಯಾರ ಕೈಯೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಡ್ವೇನ್ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಅವನ ಕಿವಿ, ಕತ್ತು ಕೆಂಪಾಗಿದ್ದವು.

"ನಂದು," ಎಂದಳು ಮಾರ್ಲಿಸ್. ಪಲ್ಯದ ಪಾತ್ರೆ ಒರೆಸುತ್ತಲೇ ಹೇಳಿದಳು.

"ಮತ್ತೆ ನೀನು ಲವೆಲ್ ಜಾಡಿಗೆ..." ಎಂದು ಶುರು ಮಾಡಿದ ಆರ್ವಿಲ್.

"ಎರಡು ತಟ್ಟೆ ತಿಂದೆ. ಅದಕ್ಕೂ ನಿನ್ನ ಕೇಳಬೇಕಿತ್ತಾ?"

ಜನ ನಕ್ಕರು. ಅವಳು ನಗಲಿಲ್ಲ, ಗಂಡನ ಕಡೆ ನೋಡಲೂ ಇಲ್ಲ. ಲವೆಲ್ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟು, "ಪುಣ್ಯವಂತ ಕಣಯ್ಯ ನೀನು," ಎಂದ ಡ್ವೇನ್‌ಗೆ. ಡ್ವೇನ್ ಆ ಕೈಯನ್ನೇ ನೋಡುತ್ತಿದ್ದ.

ಆರ್ವಿಲ್ ಎರಡೂ ಕಾಳನ್ನು ತಟ್ಟೆಯ ಮೇಲಿಟ್ಟ. ಅಂಕಿ ನಿಲ್ಲುವವರೆಗೆ ಕಾದು, ಹಲಗೆಯ ಕೊನೆಯ ಸಾಲಿನಲ್ಲಿ ಬರೆದ: ಡ್ವೇನ್ ಸ್ಟೆಲ್ಟ್ಸರ್, 3 ಗ್ರಾಂ.